ಪುಟ್ಟ ಮಕ್ಕಳ ಬರವಣಿಗೆ ಎಲ್ಲಿಗೆ ಬಂತು ಅಂತ ತಿಳಿಯುವುದು ಹೇಗೆ?

ಒಂದು ಮಧ್ಯಾಹ್ನ ನನ್ನ ಮೇಜಿನ ಮೇಲೆ ಎರಡು ಕಾಗದ ಅಕ್ಕಪಕ್ಕ ಇದ್ದವು. ಎರಡೂ ಒಬ್ಬಳೇ ಹುಡುಗಿಯವು. ಅವಳಿಗೆ ಐದೂವರೆ ವರ್ಷ, ಯುಕೆಜಿ. ಒಂದು ಕಾಪಿ ಪುಸ್ತಕದ ಪುಟ. ಅದರಲ್ಲಿ 'ಅರಸ', 'ಆನೆ', 'ಇಲಿ' ಹತ್ತತ್ತು ಸಲ, ಗೆರೆ ತಪ್ಪದೆ, ಮುತ್ತು ಪೋಣಿಸಿದ ಹಾಗೆ. ಇನ್ನೊಂದು ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ. ಅದರಲ್ಲಿ ಮೀಸೆ ಇರುವ ಒಂದು ದುಂಡು ಪ್ರಾಣಿ, ಕೆಳಗೆ ಸೊಟ್ಟಗೆ 'ಪಚೆ' ಅಂತ ಎರಡು ಅಕ್ಷರ. ಎಂಥ ಇದು ಅಂತ ಕೇಳಿದೆ. "ಪುಚ್ಚೆ, ಟೀಚರ್" ಅಂದಳು. ತುಳುವಿನಲ್ಲಿ ಪುಚ್ಚೆ ಅಂದರೆ ಬೆಕ್ಕು.

ಕಾಪಿ ಪುಸ್ತಕಕ್ಕೆ ಸ್ಟಾರ್ ಸಿಕ್ಕಿತ್ತು. ಕ್ಯಾಲೆಂಡರ್ ಹಾಳೆಯನ್ನು ಯಾರೂ ನೋಡಿರಲಿಲ್ಲ. ಪುಸ್ತಕ ಮುಚ್ಚಿ 'ಅರಸ' ಬರಿ ಅಂದರೆ ಅವಳಿಗೆ ಬರಲಿಲ್ಲ. ಅರಸ ಅಂದರೆ ಯಾರು ಅಂತಲೂ ಗೊತ್ತಿರಲಿಲ್ಲ. ಆದರೆ 'ಪಚೆ' ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ತನ್ನ ಮಾತನ್ನು ತಾನೇ ಕಿವಿಗೊಟ್ಟು ಕೇಳಿದ್ದಾಳೆ, ಪುಚ್-ಚೆ ಅಂತ ಎರಡು ತುಂಡು ಮಾಡಿದ್ದಾಳೆ, ಎರಡು ಅಕ್ಷರ ಹಾಕಿದ್ದಾಳೆ, ಕೊನೆಗೆ ಬರುವ ಎಕಾರವನ್ನು ಹಿಡಿದು ಸರಿಯಾಗಿ ಎತ್ವ ಕೊಟ್ಟಿದ್ದಾಳೆ. ಕೊಂಬು ಬಿಟ್ಟುಹೋಗಿದೆ. ಒತ್ತು ಬಿಟ್ಟುಹೋಗಿದೆ. ಉಳಿದದ್ದೆಲ್ಲ ಉಂಟು.

ಮಂಗಳೂರು ಕಡೆಯ ಪುಟ್ಟ ಮಕ್ಕಳ ಜೊತೆ ಇಷ್ಟು ವರ್ಷ ಕೆಲಸ ಮಾಡಿ ನನಗೆ ಗಟ್ಟಿಯಾದ ಮಾತು ಇದು: ಮಗುವಿನ ಬರವಣಿಗೆ ನೋಡಬೇಕಾದರೆ ನಕಲು ಮಾಡಿದ ಪುಟ ನೋಡಬೇಡಿ. ಮಗು ತನ್ನಷ್ಟಕ್ಕೆ ಬರೆದದ್ದನ್ನು ನೋಡಿ, ಬರೆಯುವಾಗಲೇ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಅದರ ಬಾಯಿಂದಲೇ ಕೇಳಿ. ಅದನ್ನು ಹೇಗೆ ಮಾಡುವುದು ಅಂತ ಕೆಳಗೆ ಬರೆದಿದ್ದೇನೆ. ಮನೆಯಲ್ಲಿ ಅಪ್ಪ ಅಮ್ಮನೂ ಮಾಡಬಹುದು, ಅಂಗನವಾಡಿ ಟೀಚರೂ ಮಾಡಬಹುದು, ಎಲ್‌ಕೆಜಿಯಿಂದ ಎರಡನೇ ತರಗತಿವರೆಗೆ ಕಲಿಸುವವರೂ ಮಾಡಬಹುದು.

ಇದು ಪರೀಕ್ಷೆ ಅಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದ ಮಕ್ಕಳಿಗೆ ಪರೀಕ್ಷೆ ಸರಿಯಾದ ದಾರಿಯಲ್ಲ, ಮಗುವನ್ನು ಗಮನಿಸಿ, ಅದು ಮಾಡಿದ ಕೆಲಸವನ್ನು ನೋಡಿ ಅಂತಲೇ ಹೇಳುತ್ತದೆ. ಹಾಗಾಗಿ ಯಾರಾದರೂ "ಮಾರ್ಕು ಎಷ್ಟು?" ಅಂತ ಕೇಳಿದರೆ ನೀವು ಧೈರ್ಯವಾಗಿ "ಮಾರ್ಕು ಇಲ್ಲ, ಹಾಳೆ ನೋಡಿ" ಅನ್ನಬಹುದು.

ಮೊದಲು ಸಾಮಾನು

ಗೆರೆ ಇಲ್ಲದ ಹಾಳೆ ಬೇಕು. ಗೆರೆ ಇದ್ದರೆ ಮಗುವಿನ ಗಮನವೆಲ್ಲ ಗೆರೆಯ ಮೇಲೆ, ಹೇಳಬೇಕೆಂದಿದ್ದ ಮಾತು ಮರೆತೇ ಹೋಗುತ್ತದೆ. ಒಂದು ಬದಿ ಖಾಲಿ ಇರುವ ಹಳೇ ಪ್ರಿಂಟ್ ಹಾಳೆ ಸಾಕು. ಪೆನ್ಸಿಲ್ ಅಥವಾ ಕ್ರೇಯಾನ್ ಗಿಡ್ಡ ತುಂಡಾಗಿದ್ದರೆ ಒಳ್ಳೆಯದು, ಗಿಡ್ಡ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳು ತಾನಾಗಿಯೇ ಮುಂದೆ ಬರುತ್ತದೆ. ರಬ್ಬರ್ ಬೇಡ. ತಪ್ಪಿದರೆ ಗೀಟು ಎಳೆದು ಮುಂದೆ ಹೋಗಲಿ. ಮಗು ಮೊದಲು ಏನು ಯೋಚಿಸಿತ್ತು, ಆಮೇಲೆ ಯಾಕೆ ಬದಲಾಯಿಸಿತು ಅನ್ನುವುದು ಆ ಗೀಟಿನ ಕೆಳಗೇ ಇರುತ್ತದೆ.

ಪ್ರತಿ ಮಗುವಿಗೆ ಒಂದು ಫೈಲು. ಪ್ರತಿ ಹಾಳೆಯ ಹಿಂದೆ ತಾರೀಕು. ತಾರೀಕು ಇಲ್ಲದ ಹಾಳೆಯಿಂದ ಏನೂ ತಿಳಿಯುವುದಿಲ್ಲ.

ಶಾಲೆಯಲ್ಲಿ ವರ್ಷಕ್ಕೆ ಮೂರು ಸಲ ಸಾಕು: ಜೂನ್ ಕೊನೆಗೆ, ದಸರಾ ರಜೆ ಮುಗಿದ ಮೇಲೆ, ಮತ್ತೆ ಫೆಬ್ರವರಿಯಲ್ಲಿ. ಮನೆಯಲ್ಲಾದರೆ ತಿಂಗಳಿಗೆ ಒಂದು ಹಾಳೆ. ನಮ್ಮ ಕಡೆ ಜುಲೈಯಲ್ಲಿ ಮಳೆ ರಜೆ ಬರುತ್ತದಲ್ವಾ, ಆ ದಿನಗಳು ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಹೊರಗೆ ಹೋಗುವ ಹಾಗಿಲ್ಲ, ಅವಸರವೂ ಇಲ್ಲ.

ಬರೆಸುವುದು

ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ. ನಾಲ್ಕು ಚಿಕ್ಕ ಕೆಲಸ ಉಂಟು, ನಾಲ್ಕನ್ನೂ ಒಂದೇ ದಿನ ಮಾಡಿಸಬೇಕಾಗಿಲ್ಲ.

ಮೊದಲನೆಯದು ಚಿತ್ರ. ಮಗುವಿಗೆ ಇಷ್ಟವಾದದ್ದನ್ನು ಬಿಡಿಸಲಿ: ಪಣಂಬೂರು ಬೀಚು, ಅಜ್ಜಿ ಮನೆಯ ದನ, ಜಾತ್ರೆಯಲ್ಲಿ ನೋಡಿದ ಯಕ್ಷಗಾನದ ವೇಷ. ಆಮೇಲೆ "ಇದರ ಬಗ್ಗೆ ಏನಾದರೂ ಬರಿ" ಅನ್ನಿ. ಎರಡನೆಯದು ಹೆಸರು. ತನ್ನ ಹೆಸರು, ಮನೆಯವರ ಹೆಸರು. ಮಗು ಮೊದಲು ಸ್ವಂತದ್ದು ಮಾಡಿಕೊಳ್ಳುವ ಪದ ಬಹಳ ಸಲ ಅದರ ಹೆಸರೇ ಆಗಿರುತ್ತದೆ, ಹೊಸ ಪದ ಬರೆಯಲು ಅಕ್ಷರ ಸಾಲ ತರುವುದೂ ಅಲ್ಲಿಂದಲೇ. ಮೂರನೆಯದು ನಿಜವಾದ ಕೆಲಸಕ್ಕೆ ಬರುವ ಬರಹ. ಅಂಗಡಿಗೆ ಚೀಟಿ, ಅಜ್ಜನಿಗೆ ಪತ್ರ, ಆಟದಲ್ಲಿ ಬಸ್ಸಿಗೆ ಬೋರ್ಡು. ನಮ್ಮ ಮಕ್ಕಳಿಗೆ ಬಸ್ಸಿನ ಬೋರ್ಡು ಅಂದರೆ ಪ್ರಾಣ. ಅಕ್ಷರ ಒಂದೂ ಬಾರದ ನಾಲ್ಕು ವರ್ಷದವರು ದೂರದಿಂದಲೇ "ಸ್ಟೇಟ್‌ಬ್ಯಾಂಕ್ ಬಸ್ ಬಂತು" ಅನ್ನುತ್ತಾರೆ (ಸ್ಟೇಟ್‌ಬ್ಯಾಂಕ್ ಅಂದರೆ ಮಂಗಳೂರಿನ ಬಸ್ ನಿಲ್ದಾಣ). ಕುರ್ಚಿ ಸಾಲಾಗಿ ಇಟ್ಟು ಬಸ್ಸಾಟ ಆಡುವಾಗ ರಟ್ಟಿನ ತುಂಡು ಕೊಟ್ಟು "ಬೋರ್ಡು ಬೇಡವಾ?" ಅಂತ ಕೇಳಿ ನೋಡಿ. ಪುಸ್ತಕ ಮುಟ್ಟದ ಹುಡುಗರೂ ಬರೆಯುತ್ತಾರೆ.

ನಾಲ್ಕನೆಯದು ನೀವು ಹೇಳುವ ಕೆಲವು ಪದ. ಇಲ್ಲಿ ಮಾತ್ರ ಪದ ಆರಿಸುವಾಗ ಜಾಗ್ರತೆ ಬೇಕು. ಕಾಪಿ ಬರೆದು ಬರೆದು ಬಾಯಿಪಾಠ ಆಗಿರುವ ಪದ ಬೇಡ, ಅದರಿಂದ ನೆನಪು ಎಷ್ಟಿದೆ ಅಂತ ಗೊತ್ತಾಗುತ್ತದೆ ಅಷ್ಟೆ. ಮಗುವಿಗೆ ಗೊತ್ತಿರುವ, ಆದರೆ ಬರೆದು ಅಭ್ಯಾಸ ಇಲ್ಲದ ಪದ ಕೊಡಿ. ನಾನು ಕೊಡುವುದು ಹೀಗೆ. ಬರೀ ಮೂಲಾಕ್ಷರಕ್ಕೆ 'ಮರ', 'ದನ'. ಗುಣಿತಕ್ಕೆ 'ಮೀನು', 'ಗಾಳಿ'. ಅದೇ ಅಕ್ಷರಕ್ಕೆ ಅದೇ ಒತ್ತು ಬರುವುದಕ್ಕೆ 'ಅಕ್ಕಿ'. ಸೊನ್ನೆಗೆ 'ಬಂಗುಡೆ'. ಬೇರೆ ಅಕ್ಷರದ ಒತ್ತಿಗೆ 'ಪುಸ್ತಕ', ಕೊನೆಗೆ 'ಸೂರ್ಯ'. ನಾಲ್ಕು ವರ್ಷದವರಿಗೆ ಮೊದಲ ಒಂದೆರಡು ಪದ ಸಾಕು, ಅದೂ ಅವರಿಗೆ ಮನಸ್ಸಿದ್ದರೆ. ಪುಸ್ತಕ, ಸೂರ್ಯ ಎಲ್ಲ ಒಂದನೇ, ಎರಡನೇ ತರಗತಿಯವರಿಗೆ.

ಪದವನ್ನು ಮಾಮೂಲಿಯಾಗಿ ಎರಡು ಸಲ ಹೇಳಿ. "ಮೀ...ನು" ಅಂತ ಎಳೆದರೆ ದೀರ್ಘವನ್ನು ನೀವೇ ಹೇಳಿಕೊಟ್ಟ ಹಾಗೆ ಆಯಿತು. ಕೈ ಹಿಡಿದು ಬರೆಸಬೇಡಿ. ಚುಕ್ಕೆ ಹಾಕಿ ಕೊಡಬೇಡಿ. "ಈ ಅಕ್ಷರ ಹೇಗೆ?" ಅಂತ ಕೇಳಿದರೆ "ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ ಬರಿ, ನನಗೆ ಓದಲಿಕ್ಕೆ ಆಗುತ್ತದೆ" ಅನ್ನಿ. "ನನಗೆ ಬರುವುದಿಲ್ಲ" ಅಂತ ಪೆನ್ಸಿಲ್ ಕೆಳಗಿಟ್ಟರೆ ಒತ್ತಾಯ ಬೇಡ. ಬರುವುದಿಲ್ಲ ಅಂತ ಹೇಳಿದ್ದನ್ನೂ ಬರೆದಿಟ್ಟುಕೊಳ್ಳಿ, ಯಾಕೆಂದರೆ ತಪ್ಪಿಗೆ ಹೆದರುವ ಮಗು ಮತ್ತು ನಿಜಕ್ಕೂ ಗೊತ್ತಿಲ್ಲದ ಮಗು ಬೇರೆ ಬೇರೆ, ಇಬ್ಬರಿಗೂ ಬೇಕಾದ ಸಹಾಯವೂ ಬೇರೆ.

ಹೆದರಿಕೆಯ ಬಗ್ಗೆ ಒಂದು ವಿಷಯ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಎಲ್ಲವನ್ನೂ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ. ಒಬ್ಬ ಹುಡುಗ ತನ್ನ ಅಪ್ಪನ ದೋಣಿಯ ಬಗ್ಗೆ ಎರಡು ಸಾಲು ಬರೆದುಕೊಂಡು ಬಂದಿದ್ದ. ನಾನು ಎಂಟು ಕಡೆ ಕೆಂಪು ಮಾಡಿದೆ. ಅವನು ಆಮೇಲೆ ಸುಮಾರು ಎರಡು ತಿಂಗಳು ಗೊತ್ತಿರುವ 'ಮರ', 'ಸರ' ಬಿಟ್ಟು ಬೇರೆ ಏನೂ ಬರೆಯಲಿಲ್ಲ. ದೋಣಿಯ ಬಗ್ಗೆಯಂತೂ ಬರೆಯಲೇ ಇಲ್ಲ. ಅದು ನನ್ನ ತಪ್ಪು, ಈಗಲೂ ನೆನಪಾದರೆ ಸಂಕಟ ಆಗುತ್ತದೆ. ಅಳೆಯಲು ತೆಗೆದಿಟ್ಟ ಹಾಳೆಯ ಮುಖದ ಮೇಲೆ ದಯವಿಟ್ಟು ಏನನ್ನೂ ಗೀಚಬೇಡಿ. ನಿಮ್ಮ ಟಿಪ್ಪಣಿ ಎಲ್ಲ ಹಿಂಬದಿಗೆ.

ಬರೆದಾದ ಮೇಲೆ ಕೇಳಿ

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಮಗು ಬರೆದು ಮುಗಿಸಿದ ಕೂಡಲೇ "ಬೆರಳಿಟ್ಟು ಓದಿ ಹೇಳು" ಅನ್ನಿ. ಅದು ಹೇಳಿದ್ದನ್ನು ಹಾಳೆಯ ಹಿಂದೆ ಹಾಗೆಯೇ ಬರೆಯಿರಿ. ತುಳುವಿನಲ್ಲಿ ಹೇಳಿದರೆ ತುಳು, ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿ, ಬ್ಯಾರಿಯಲ್ಲಿ ಹೇಳಿದರೆ ಬ್ಯಾರಿ. ತಿದ್ದಿ ಪುಸ್ತಕದ ಕನ್ನಡ ಮಾಡಬೇಡಿ.

ಬೆರಳು ಹೇಗೆ ಓಡುತ್ತದೆ ನೋಡಿ. ಗೀಚಿದ ಸಾಲಿನ ಮೇಲೆ ಎಡದಿಂದ ಬಲಕ್ಕೆ ಬೆರಳು ಎಳೆಯುತ್ತಾ "ನಾನು ಅಜ್ಜಿ ಮನೆಗೆ ಹೋದೆ" ಅಂದರೆ, ಅಕ್ಷರ ಒಂದೂ ಇಲ್ಲದಿದ್ದರೂ ಎರಡು ದೊಡ್ಡ ವಿಷಯ ಆ ಮಗುವಿಗೆ ಗೊತ್ತಾಗಿದೆ: ಬರಹ ಮಾತನ್ನು ಹಿಡಿದಿಡುತ್ತದೆ, ಅದು ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಮಕ್ಕಳ ಓದು ಬರಹದ ಸಂಶೋಧಕಿ, ನ್ಯೂಜಿಲೆಂಡಿನ ಮೇರಿ ಕ್ಲೇ ಅವರು ದಶಕಗಳ ಹಿಂದೆಯೇ ಇದನ್ನು ಬಹಳ ಗಮನಿಸಿ ನೋಡಿದವರು. ಪುಟ್ಟ ಮಕ್ಕಳ ಪಕ್ಕ ಕೂತು, ಬರೆಯುವಾಗಲೇ ನೋಡಿ, ಕ್ರಮವಾಗಿ ದಾಖಲಿಸುವ ರೂಢಿಗೆ ಅವರ ಕೆಲಸ ದೊಡ್ಡ ಆಧಾರ. ಇನ್ನೊಂದು ದಿನ ಅದೇ ಹಾಳೆ ತೋರಿಸಿ ಮತ್ತೆ ಓದಲು ಹೇಳಿ. ಅದೇ ಮಾತು ಹೇಳಿದರೆ ಇನ್ನೂ ಒಂದು ಮೆಟ್ಟಿಲು ಹತ್ತಿದ ಹಾಗೆ.

ಈಗ ಹಾಳೆ ನೋಡುವುದು

ವಿಜಯದಶಮಿಗೆ ಕೊಲ್ಲೂರಿನಲ್ಲೋ ಊರಿನ ದೇವಸ್ಥಾನದಲ್ಲೋ ಬೆಳ್ತಿಗೆ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುತ್ತೇವೆ. ಚಂದದ ಪದ್ಧತಿ, ನನಗೂ ಇಷ್ಟ. ಆದರೆ ಬರವಣಿಗೆ ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಗೋಡೆ ಮೇಲೆ ಇದ್ದಿಲಿನಲ್ಲಿ, ಮಲ್ಪೆಯ ಮರಳಿನಲ್ಲಿ ಕೋಲು ಹಿಡಿದು ಎಳೆದ ಗೆರೆಯಲ್ಲಿ. ಎರಡು, ಎರಡೂವರೆ ವರ್ಷದ ಗೀಚು ಸುಮ್ನೆ ಗೀಚು ಅಲ್ಲ, ಕೈ ಆಡಿಸಿದರೆ ಗುರುತು ಉಳಿಯುತ್ತದೆ ಅಂತ ಕಂಡುಕೊಂಡದ್ದು. ಮೂರರ ಆಚೀಚೆ ಒಂದು ದಿನ ಚಿತ್ರಕ್ಕೆ ಒಂದು ರೀತಿಯ ಗೆರೆ, 'ಬರೆದದ್ದಕ್ಕೆ' ಇನ್ನೊಂದು ರೀತಿಯ ಗೆರೆ ಬರುತ್ತದೆ. ಚಿತ್ರ ದೊಡ್ಡದು, ದುಂಡಗೆ. ಬರಹ ಸಣ್ಣದು, ಅಡ್ಡಸಾಲಾಗಿ, ಅಲೆಯ ಹಾಗೆ. ಆ ವ್ಯತ್ಯಾಸ ಕಂಡ ದಿನ ತಾರೀಕು ಹಾಕಿ ಎತ್ತಿಡಿ.

ಆಮೇಲೆ ಅಕ್ಷರದ ಹಾಗೆ ಕಾಣುವ, ಆದರೆ ಅಕ್ಷರ ಅಲ್ಲದ ಗುರುತುಗಳು. ನಮ್ಮ ಮಕ್ಕಳದ್ದು ನೋಡಿ, ಸುರುಳಿ ಸುರುಳಿಯಾಗಿ ಮೇಲೊಂದು ತಲಕಟ್ಟಿನ ಕೊಕ್ಕೆ ಇರುತ್ತದೆ. ಸುತ್ತ ಕಾಣುವ ಲಿಪಿಯ ಹೊಳಹು ಗೀಚಿನಲ್ಲಿ ಆಗಲೇ ಬಂದಿರುತ್ತದೆ. ಆಮೇಲೆ ನಿಜವಾದ ಅಕ್ಷರಗಳ ಸಾಲು, ಆದರೆ ಮಾತಿಗೂ ಅದಕ್ಕೂ ಸಂಬಂಧ ಇಲ್ಲ. ಹೆಸರಿನಲ್ಲಿರುವ ಮೂರು ಅಕ್ಷರವನ್ನೇ ತಿರುಗಾಮುರುಗಾ ಹಾಕಿ "ಇದು ದೋಸೆ, ಇದು ಬಸ್ಸು" ಅನ್ನುತ್ತದೆ. ದೊಡ್ಡ ವಸ್ತುವಿಗೆ ಜಾಸ್ತಿ ಅಕ್ಷರ ಹಾಕುವ ಮಕ್ಕಳೂ ಉಂಟು. ಆನೆಗೆ ಉದ್ದದ ಸಾಲು, ಇರುವೆಗೆ ಒಂದೇ ಅಕ್ಷರ. ಅದೂ ಒಂದು ಲೆಕ್ಕಾಚಾರವೇ.

ಆಮೇಲೆ ಬರುವುದು ದೊಡ್ಡ ತಿರುವು: ಮಾತಿನ ಒಂದು ತುಂಡಿಗೆ ಒಂದು ಗುರುತು. ಎಮಿಲಿಯಾ ಫೆರೇರೊ ಮತ್ತು ಆನಾ ತೆಬೆರೋಸ್ಕಿ ಎಂಬ ಸಂಶೋಧಕಿಯರು 1970ರ ದಶಕದಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳಲ್ಲಿ ಇದನ್ನು ಕಂಡರು. ಆ ಮಕ್ಕಳಿಗೆ ಅಲ್ಲಿಂದ ಮುಂದೆ ಒಂದೊಂದು ತುಂಡನ್ನೂ ಮತ್ತೆ ಒಡೆದು ಬಿಡಿ ಬಿಡಿ ಧ್ವನಿಗೆ ಅಕ್ಷರ ಹುಡುಕಬೇಕು. ಕನ್ನಡದಲ್ಲಿ ಹಾಗಲ್ಲ, ಇಲ್ಲಿ ಅಕ್ಷರ ಇರುವುದೇ ತುಂಡಿಗೊಂದು. 'ಮರ'ಕ್ಕೆ ಎರಡು ಚಪ್ಪಾಳೆ, ಎರಡು ಅಕ್ಷರ. ಹಾಗಾಗಿ 'ಮೀನು' ಅಂದಾಗ 'ಮನ' ಅಂತ ಬರೆದ ಮಗು ಅರ್ಧ ದಾರಿಗಿಂತ ಜಾಸ್ತಿ ಬಂದಿದೆ. ನಮ್ಮ ಕಷ್ಟ ಇರುವುದು ಅದರ ನಂತರ. ಗುಣಿತ ಮತ್ತು ಒತ್ತು.

ಇಂಗ್ಲಿಷ್ ಮಕ್ಕಳಿಗೆ ಮಾಡಿದ ಪಟ್ಟಿ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತದೆ. ಅದನ್ನು ಹಾಗೇ ಇಳಿಸಿ ನಮ್ಮ ಮಕ್ಕಳ ಮೇಲೆ ಹಾಕಬೇಡಿ ಅಂತ ನಾನು ಕೈಮುಗಿದು ಹೇಳುವುದು ಇದಕ್ಕೇ. ಅಲ್ಲಿ 26 ಅಕ್ಷರ. ನಮ್ಮಲ್ಲಿ ವರ್ಣಮಾಲೆಯೇ 49, ಅದರ ಮೇಲೆ ಪ್ರತಿ ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತು. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಕಲಿಕೆ ಇಂಗ್ಲಿಷಿಗೆ ಹೋಲಿಸಿದರೆ ನಿಧಾನ ಅಂತ ಸ್ಪಷ್ಟವಾಗಿ ಕಾಣುತ್ತದೆ. ಒಂದನೇ ತರಗತಿಯಲ್ಲಿ ಮುಗಿಯುವ ಕೆಲಸವೇ ಅಲ್ಲ ಅದು. ಯುಕೆಜಿ ಮಗುವಿಗೆ ಒತ್ತಕ್ಷರ ಬರುವುದಿಲ್ಲ ಅಂತ ಟ್ಯೂಷನ್ನಿಗೆ ಕಳಿಸುವವರು ಇದನ್ನು ಎರಡು ಸಲ ಓದಿ.

ಗುಣಿತದಲ್ಲಿ ಏನು ನೋಡಬೇಕು? ಯಾವ ಗುರುತು ಬಂದಿದೆ, ಯಾವುದು ಇಲ್ಲ, ಯಾವುದು ಅದಲುಬದಲು. ಇಳಿ ಬಂದಿರಬಹುದು, ಗುಡಿಸು ಬಂದಿರಬಹುದು, ಕೊಂಬು ಬಂದಿರದೆ ಇರಬಹುದು. ಹ್ರಸ್ವ ದೀರ್ಘ ತಪ್ಪುವುದು ಬಹಳ ಸಾಮಾನ್ಯ. 'ಗಾಳಿ'ಯನ್ನು 'ಗಳಿ' ಅಂತ ಬರೆದವರಿಗೆ ಕಿವಿಯಲ್ಲಿ ವ್ಯತ್ಯಾಸ ಕೇಳುತ್ತದಾ ಅಥವಾ ಗುರುತು ಗೊತ್ತಿಲ್ಲವಾ ಅಂತ ಬೇರೆ ಮಾಡಿ ನೋಡಿ. ಬಳೆ-ಬಾಳೆ, ಕರು-ಕಾರು, ಮರಿ-ಮಾರಿ ಚಿತ್ರ ಇಟ್ಟು ಪದ ಹೇಳಿ, ಸರಿಯಾದ ಚಿತ್ರ ಮುಟ್ಟಿದರೆ ಕಿವಿ ಸರಿ ಉಂಟು, ಇನ್ನು ಗುರುತು ಕಲಿಸಿದರೆ ಆಯಿತು. ಮಹಾಪ್ರಾಣ ತಪ್ಪಿದರೆ ಈ ವಯಸ್ಸಿಗೆ ತಲೆ ಕೆಡಿಸಿಕೊಳ್ಳಬೇಡಿ, ಮಾತಿನಲ್ಲಿ ನಾವೇ ಎಷ್ಟು ಜನ ಅದನ್ನು ಹೇಳುತ್ತೇವೆ!

ಒತ್ತಿನಲ್ಲಿ ಮೂರು ಬಗೆ ಕಾಣುತ್ತದೆ. 'ಅಕಿ' ಅಂತ ಒತ್ತು ಬಿಟ್ಟೇ ಬರೆದರೆ ಆ ಬಿಗಿ ಕಿವಿಗೆ ಬಿದ್ದಿಲ್ಲ, ಅಥವಾ ಬರೆಯುವ ದಾರಿ ಗೊತ್ತಿಲ್ಲ. 'ಅಕಕಿ' ಅಂತ ಮೂರು ಅಕ್ಷರ ಹಾಕಿದರೆ ಕೇಳಿದೆ, ಎರಡು ಕಕಾರ ಇದೆ ಅಂತ ಗೊತ್ತಾಗಿದೆ, ಕೆಳಗೆ ಇಳಿಸುವುದು ಗೊತ್ತಿಲ್ಲ. ಒತ್ತನ್ನು ಕೆಳಗೆ ಹಾಕದೆ ಪಕ್ಕದಲ್ಲಿ ಹಾಕಿದರೆ ಉಳಿದಿರುವುದು ಜಾಗದ ಪ್ರಶ್ನೆ ಮಾತ್ರ. ನೋಡುವವರಿಗೆ ಮೂರೂ 'ತಪ್ಪು', ಆದರೆ ಮೂರು ಮಕ್ಕಳು ಮೂರು ಬೇರೆ ಬೇರೆ ಕಡೆ ನಿಂತಿದ್ದಾರೆ.

ಇನ್ನು 'ಸೂರ್ಯ'. ಇದರಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಆದರೆ ಬರೆಯುವಾಗ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ಮಾತಿನ ಕ್ರಮ ಒಂದು, ಬರಹದ ಕ್ರಮ ಇನ್ನೊಂದು. 'ಸೂ' ಬರೆದು, ರಕಾರ ಹಾಕಿ, ಅದರ ಕೆಳಗೆ ಯ ಒತ್ತು ಕೊಟ್ಟ ಮಗು ಧ್ವನಿಯನ್ನು ಚೊಕ್ಕವಾಗಿ ಕೇಳಿದೆ. ಅದಕ್ಕೆ ಮೊದಲು ಭೇಷ್ ಅನ್ನಿ, ಆಮೇಲೆ ಅರ್ಕಾವೊತ್ತಿನ ವಿಷಯ ಹೇಳಿ.

ಕೈಯನ್ನೂ ನೋಡಿ

ಮಗು ಬರೆಯುವಾಗ ಎರಡು ನಿಮಿಷ ಕೈ ಮಾತ್ರ ನೋಡಿ. ಎರಡು ವರ್ಷದ ಆಸುಪಾಸಿನಲ್ಲಿ ಮುಷ್ಟಿಯಲ್ಲಿ ಹಿಡಿಯುತ್ತವೆ. ಮೂರೂವರೆ ನಾಲ್ಕರ ಹೊತ್ತಿಗೆ ಮೂರು ಬೆರಳು ಬರುತ್ತದೆ, ಆದರೆ ಕೈ ಇಡಿಯಾಗಿ ಅಲುಗುತ್ತದೆ. ಐದು ಆರರಲ್ಲಿ ಕೈ ನಿಂತು ಬೆರಳು ಮಾತ್ರ ಓಡಲು ಶುರುವಾಗುತ್ತದೆ. ನಾಲ್ಕು ಬೆರಳಲ್ಲಿ ಹಿಡಿದರೂ ಸಲೀಸಾಗಿ ಬರೆದರೆ ಬಿಟ್ಟುಬಿಡಿ. ಎಡಗೈಯಾದರೆ ಎಡಗೈಯಲ್ಲೇ ಬರೆಯಲಿ, ಇದರಲ್ಲಿ ಚರ್ಚೆ ಬೇಡ.

ಆಕಾರ ಬಿಡಿಸುವುದಕ್ಕೂ ಒಂದು ಕ್ರಮ ಉಂಟು: ಸುಮಾರು ಎರಡಕ್ಕೆ ನೆಟ್ಟನೆಯ ಗೆರೆ, ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡಿಸುವ ಗುರುತು, ಐದರ ಹೊತ್ತಿಗೆ ಚೌಕ, ಅದರ ನಂತರ ತ್ರಿಕೋನ. ಕೆಲವು ತಿಂಗಳು ಹಿಂದೆ ಮುಂದೆ ಆಗುತ್ತದೆ. ವೃತ್ತವೇ ಬಾರದ ಕೈಯಿಂದ 'ಅ' ಬರೆಸಿದರೆ ಅಳು ಬರುತ್ತದೆ ಅಷ್ಟೆ. ನಮ್ಮ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಕಲಿಕಾ ಪದ್ಧತಿಯಾದ ನಲಿಕಲಿಯಲ್ಲಿ ಅ ಆ ಇ ಈ ಅಂತ ಹೋಗದೆ ರ, ಗ, ಸ, ದ, ಅ ಅಂತ ಶುರು ಮಾಡುವುದು ನನಗೆ ಬಹಳ ಸರಿ ಅನ್ನಿಸುತ್ತದೆ. 'ರ' ಪಳಗಿದ ಕೈಗೆ 'ದ', 'ಠ', 'ಧ' ದೂರ ಇಲ್ಲ, ಐದೇ ಅಕ್ಷರದಲ್ಲಿ 'ಸರ', 'ಗರಗಸ', 'ಅರಸ' ಎಲ್ಲ ಬರೆಯಬಹುದು.

ಕೈಗೆ ಬಲ ಇಲ್ಲ ಅನ್ನಿಸಿದರೆ ಪೆನ್ಸಿಲ್ ಕೆಲಸ ಜಾಸ್ತಿ ಮಾಡಿಸಬೇಡಿ. ಬೇಯಿಸಿದ ಹಲಸಿನ ಬೀಜದ ಸಿಪ್ಪೆ ಸುಲಿಯಲಿ, ಚಪಾತಿ ಹಿಟ್ಟು ನಾದಲಿ, ಅಕ್ಕಿಯಿಂದ ಕಲ್ಲು ಹೆಕ್ಕಲಿ, ಒದ್ದೆ ಮರಳಿನಲ್ಲಿ ಕೋಲಿನಿಂದ ಬರೆಯಲಿ.

ಬರೆದಿಡುವುದು ಹೇಗೆ

ಹಾಳೆಯ ಹಿಂದೆ ಮೂರು ವಿಷಯ ಸಾಕು. ಈಗ ಏನು ಬರುತ್ತದೆ, ಯಾವುದು ಅರ್ಧ ಬರುತ್ತದೆ, ಮುಂದಿನ ಒಂದು ಹೆಜ್ಜೆ ಏನು. ಒಂದೇ ಹೆಜ್ಜೆ. ನಾಲ್ಕು ಬರೆದರೆ ನಾಲ್ಕೂ ಆಗುವುದಿಲ್ಲ. 'ಚೆನ್ನಾಗಿದೆ', 'ಸುಧಾರಿಸಬೇಕು' ಅಂತ ಬರೆಯಬೇಡಿ, ಮುಂದಿನ ವರ್ಷ ಓದುವ ಟೀಚರಿಗೆ ಅದರಿಂದ ಏನೂ ಸಿಗುವುದಿಲ್ಲ.

ಆ ಬೆಕ್ಕಿನ ಹುಡುಗಿಯ ಹಾಳೆಗಳನ್ನೇ ಹೇಳುತ್ತೇನೆ. ಜುಲೈಯಲ್ಲಿ 'ಪಚೆ'. ಹಿಂದೆ ಬರೆದದ್ದು: "ತುಂಡಿಗೊಂದು ಅಕ್ಷರ, ಎತ್ವ ಸರಿ. ಕೊಂಬು, ಒತ್ತು ಇಲ್ಲ. ಮುಂದೆ ಕೊಂಬು." ನವೆಂಬರಿನಲ್ಲಿ ಬಸ್ಸಾಟಕ್ಕೆ ಅವಳು ಬರೆದ ಬೋರ್ಡು 'ಉಡುಪಿ'. ಸ್ವರಾಕ್ಷರ, ಕೊಂಬು, ಗುಡಿಸು ಮೂರೂ ಸರಿ. ಆದರೆ ಅದು ದಿನಾ ನೋಡುವ ಬೋರ್ಡು, ಹಾಗಾಗಿ ಅದೊಂದನ್ನೇ ನಂಬದೆ ಬೇರೆ ಪದ ಕೊಟ್ಟೆ. 'ಹುಲಿ' ಸರಿಯಾಗಿ ಬಂತು, ಅಲ್ಲಿಗೆ ಖಾತ್ರಿ ಆಯಿತು. ಫೆಬ್ರವರಿಯಲ್ಲಿ ಚಿತ್ರದ ಕೆಳಗೆ ಒಂದು ಇಡೀ ವಾಕ್ಯ: 'ನನು ಮಲಪೆಗೆ ಹೊದೆ'. ಬಾಯಲ್ಲಿ ಓದಿದ್ದು "ನಾನು ಮಲ್ಪೆಗೆ ಹೋದೆ". ಹ್ರಸ್ವ ಎಲ್ಲ ಸರಿ. ದೀರ್ಘ ಎರಡೂ ಬಿಟ್ಟಿದ್ದಾಳೆ. 'ಲ್ಪ' ಒತ್ತನ್ನು ಎರಡು ಅಕ್ಷರ ಮಾಡಿದ್ದಾಳೆ, ಅಂದರೆ ಕೇಳಿದ್ದಾಳೆ. ಪದಗಳ ನಡುವೆ ಜಾಗ ಬಿಟ್ಟಿದ್ದಾಳೆ, ಜುಲೈಯಲ್ಲಿ ಅದನ್ನು ಕೇಳುವ ಹಾಗೂ ಇರಲಿಲ್ಲ. ಮುಂದಿನ ಹೆಜ್ಜೆ ದೀರ್ಘ, ಒತ್ತು ಅಲ್ಲ. ಹೀಗೆ ಅದೇ ಮಗುವಿನ ಹಿಂದಿನ ಹಾಳೆಗೆ ಹೋಲಿಸಿ, ಪಕ್ಕದ ಬೆಂಚಿನ ಮಗುವಿಗೆ ಬೇಡ.

ಹೆಜ್ಜೆ ಆರಿಸುವುದು ಕಷ್ಟ ಅಲ್ಲ. ಗೀಚುವ ಮಗುವಿಗೆ ಬೇಕಾದದ್ದು ದೊಡ್ಡವರು ಬರೆಯುವುದನ್ನು ನೋಡುವುದು, ಅಂಗಡಿ ಚೀಟಿ ಬರೆಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪದ ಹೇಳುತ್ತಾ ಬರೆಯಿರಿ. ಅಕ್ಷರ ಸಾಲು ಹಾಕುವ ಮಗುವಿಗೆ ಹೆಸರುಗಳಿಗೆ ಚಪ್ಪಾಳೆ ತಟ್ಟುವ ಆಟ. ಮೂಲಾಕ್ಷರದಲ್ಲಿ ನಿಂತವರಿಗೆ ಇಡೀ ಕಾಗುಣಿತ ಉರು ಹೊಡೆಸುವ ಬದಲು ಒಂದು ಸ್ವರ ಹಿಡಿದು ಹತ್ತು ಪದ. ಒತ್ತು ಕೇಳಿಸದವರಿಗೆ ಕತೆ-ಕತ್ತೆ, ಹಳಿ-ಹಳ್ಳಿ.

ಮನೆ ಮಾತು ಬೇರೆ ಇದ್ದಾಗ

ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಬರೆಯುವ ಕನ್ನಡವನ್ನೇ ಮನೆಯಲ್ಲೂ ಮಾತಾಡುವ ಮಕ್ಕಳು ಕಡಿಮೆ. ಕುಂದಾಪುರ ಕಡೆಯ ಮಗು 'ಹೋಯ್ಕ್' ಅಂತ ಬರೆದರೆ ಅದು ತಪ್ಪು ಕಿವಿ ಅಲ್ಲ, ಬಹಳ ಚುರುಕು ಕಿವಿ. ಮನೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಬರೆದಿದೆ. ಅದನ್ನು ಬರವಣಿಗೆಯ ಲೆಕ್ಕದಲ್ಲಿ ಸರಿ ಅಂತಲೇ ಹಾಕಿ. 'ಹೋಗಬೇಕು' ಅನ್ನುವುದು ಬೇರೆ ಪಾಠ. ಮಗುವಿಗೆ ಪದವೇ ಗೊತ್ತಿಲ್ಲದಿದ್ದರೆ ಬರೆಯಲು ಹೇಳುವುದು ನ್ಯಾಯ ಅಲ್ಲ, ಮೊದಲು ಚಿತ್ರ ತೋರಿಸಿ ಕೇಳಿ. ತುಳು ಮಗುವಿಗೆ ಪುಚ್ಚೆ, ಪೆತ್ತ (ದನ), ಕೋರಿ (ಕೋಳಿ) ಬರೆಯಲು ಬಿಡಿ, ಕನ್ನಡ ಲಿಪಿಗೆ ಏನೂ ನಷ್ಟ ಇಲ್ಲ.

ಇಂಗ್ಲಿಷ್ ಮೀಡಿಯಂ ಮಕ್ಕಳ ಕೈಗೆ ಎರಡು ಲಿಪಿ ಒಟ್ಟೊಟ್ಟಿಗೆ ಬರುತ್ತದೆ. ಎರಡಕ್ಕೂ ಬೇರೆ ಬೇರೆ ಹಾಳೆ ಇಡಿ. ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ಮಾಮೂಲು. ಒಂದೇ ಪದದಲ್ಲಿ ಎರಡೂ ಲಿಪಿ ಬೆರೆಸಿದರೆ ಗಾಬರಿ ಬೇಡ. ಅಕ್ಷರ, ಅಂಕಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬರುವುದೂ ಆರು ಏಳು ವರ್ಷದವರೆಗೆ ಸಾಮಾನ್ಯ.

ಯಾವಾಗ ಬೇರೆಯವರ ಸಹಾಯ ಕೇಳಬೇಕು

ನಾಲ್ಕು ದಾಟಿದರೂ ಕ್ರೇಯಾನ್ ಹಿಡಿಯಲು ಮನಸ್ಸೇ ಇಲ್ಲದಿದ್ದರೆ, ಐದಾದರೂ ವೃತ್ತ ಬಾರದಿದ್ದರೆ, ಸ್ವಲ್ಪ ಬರೆದ ಕೂಡಲೇ ಕೈ ನೋವು ಅಂದರೆ, ಒಂದನೇ ತರಗತಿ ಮುಗಿಯುತ್ತಾ ಬಂದರೂ ತನ್ನ ಹೆಸರು ಬರೆಯಲು ಆಗದಿದ್ದರೆ, ಮೊದಲು ಬರುತ್ತಿದ್ದದ್ದು ಈಗ ಬಾರದಿದ್ದರೆ ಕಾಯಬೇಡಿ. ಎಲ್ಲಕ್ಕಿಂತ ಮೊದಲು ಕಣ್ಣು, ಕಿವಿ ತೋರಿಸಿ. ಹಲಗೆ ಕಾಣದ ಮಗುವನ್ನು 'ನಿಧಾನ' ಅಂತ ಕರೆದದ್ದನ್ನು ನಾನು ನೋಡಿದ್ದೇನೆ, ಕನ್ನಡಕ ಬಂದ ಮೇಲೆ ಆ ಮಗು ಬೇರೆಯೇ ಆಯಿತು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಆರೋಗ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ಅವರು ಬಂದಾಗ ನಿಮ್ಮ ಫೈಲು ತೋರಿಸಿ, ಬಾಯಿಮಾತಿಗಿಂತ ಮೂರು ಹಾಳೆ ಜಾಸ್ತಿ ಹೇಳುತ್ತದೆ. ಕೈಯ ತೊಂದರೆಗೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಕ್ಕೆ ಕೈ ಪಳಗಿಸುವ ತಜ್ಞರು) ಬೇಕು, ಮಣಿಪಾಲದಲ್ಲಿ ಅದಕ್ಕೆ ಬೇರೆ ವಿಭಾಗವೇ ಉಂಟು. ಡಿಸ್ಲೆಕ್ಸಿಯಾ (ಓದು ಬರಹ ಕಲಿಯಲು ಕಷ್ಟವಾಗುವ ತೊಂದರೆ) ಅನ್ನುವ ಹೆಸರನ್ನು ಮಾತ್ರ ಐದು ವರ್ಷದ ಮಗುವಿಗೆ ನೀವಾಗಿ ಅಂಟಿಸಬೇಡಿ. ಅದನ್ನು ಸರಿಯಾಗಿ ಪರೀಕ್ಷಿಸುವುದು ಸಾಮಾನ್ಯವಾಗಿ ಎಂಟು ವರ್ಷ ಅಥವಾ ಮೂರನೇ ತರಗತಿಯ ಹೊತ್ತಿಗೆ. ಹಾಗಂತ ಸಹಾಯಕ್ಕೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಮನೆಯವರಿಗೆ ಹೇಳುವಾಗ

ಪೇರೆಂಟ್ಸ್ ಮೀಟಿಂಗಿಗೆ ಬಂದವರ ಮುಂದೆ ಮೊದಲು ಎರಡು ಹಾಳೆ ಇಡಿ, ಜೂನಿನದ್ದು, ಈಗಿನದ್ದು. ಮಾತಾಡದೆ ಒಂದು ನಿಮಿಷ ಬಿಡಿ. ಅವರೇ ನೋಡಲಿ. "ಒತ್ತಕ್ಷರ ಇನ್ನೂ ಬರುವುದಿಲ್ವಾ ಟೀಚರ್, ನಮ್ಮ ಅಕ್ಕನ ಮಗ ಪೇಪರ್ ಓದುತ್ತಾನೆ" ಅನ್ನುವವರಿಗೆ ಕೂಡ ಆ ಎರಡು ಹಾಳೆಯ ನಡುವಿನ ದೂರ ಕಾಣುತ್ತದೆ. ಆಮೇಲೆ ಆ ಒಂದು ಹೆಜ್ಜೆ ಹೇಳಿ, ಮನೆಯಲ್ಲಿ ಮಾಡಬಹುದಾದ ಒಂದು ಆಟ ಹೇಳಿ. ಕಾಪಿ ಬರೆಸಲು ಹೇಳಬೇಡಿ.

ವರ್ಷದ ಕೊನೆಗೆ ಫೈಲಿನಿಂದ ಮೂರು ಹಾಳೆ ಆರಿಸಿ ಮುಂದಿನ ತರಗತಿಯ ಟೀಚರಿಗೆ ಕೊಡಿ, ಉಳಿದದ್ದು ಮನೆಗೆ ಹೋಗಲಿ. ಮೇಲಿನ ಹಾಳೆಗೆ ಒಂದು ಚೀಟಿ ಪಿನ್ ಮಾಡಿ. ಅದರಲ್ಲಿ ಮನೆ ಮಾತು ಯಾವುದು, ಯಾವ ಕೈ, ಯಾವ ವಿಷಯ ಕೊಟ್ಟರೆ ಖುಷಿಯಿಂದ ಬರೆಯುತ್ತದೆ ಅಂತ ಇರಲಿ. ಆ ಹುಡುಗಿಯ ಚೀಟಿಯಲ್ಲಿ ನಾನು ಬರೆದದ್ದು: ತುಳು, ಬಲಗೈ, ಬೆಕ್ಕು.